ಪಾದರಸದ ಮದ್ದು ಮತ್ತು ಕೀಲಿಕೈ

ಆವರ್ತ ಕೋಷ್ಟಕದ 34ನೆಯ ಧಾತು ಸೆಲೀನಿಯಂ. ಸ್ವೀಡನ್ನಿನ ಬರ್ಜೀಲಿಯಸ್ 1817ರಲ್ಲಿ ಇದನ್ನು ಗುರುತಿಸಿ ಚಂದ್ರನ ಗ್ರೀಕ್ ಹೆಸರಿಟ್ಟ. ಪಾದರಸದ ವಿಷವನ್ನು ತಗ್ಗಿಸುವ ಗುಣವೂ ಇದಕ್ಕುಂಟು. ಇದೇ ಹೆಸರಿನ ತಂತ್ರಾಂಶವೊಂದು ಇದೆಯೆಂದರೆ ತರಗತಿಯಲ್ಲಿ ಮಕ್ಕಳು ನಗುತ್ತಾರೆ.

2004ರಲ್ಲಿ ಅಮೆರಿಕದ ಶಿಕಾಗೋದ ಥಾಟ್‌ವರ್ಕ್ಸ್ ಕಂಪನಿಯಲ್ಲಿದ್ದ ಜೇಸನ್ ಹಗ್ಗಿನ್ಸ್, ವೆಬ್ ಪುಟಗಳನ್ನು ತಾನಾಗಿಯೇ ಪರೀಕ್ಷಿಸುವ ಸಲಕರಣೆಯನ್ನು ರೂಪಿಸಿದರು. ಆಗ ಈ ವಿದ್ಯೆಯಲ್ಲಿ ಮರ್ಕ್ಯುರಿ ಎಂಬ ಕಂಪನಿಯ ದುಬಾರಿ ತಂತ್ರಾಂಶಗಳದೇ ದರ್ಬಾರು. ಮರ್ಕ್ಯುರಿ ಎಂದರೆ ಪಾದರಸವಲ್ಲವೆ? ಅದಕ್ಕೆ ಮದ್ದು ಸೆಲೀನಿಯಂ ಎಂಬ ತಮಾಷೆಯೇ ಹೆಸರಾಗಿ ನಿಂತಿತು. ಇದು ಮುಕ್ತ ತಂತ್ರಾಂಶ. ಕಾಸು ಕೊಡಬೇಕಿಲ್ಲ, ಒಳಗಿನ ಬರಹವನ್ನು ಯಾರೂ ಓದಬಹುದು, ತಿದ್ದಬಹುದು.

ಇದರ ಕೆಲಸವೇನು? ಉತಾರ ತೆಗೆಯುವ ಪುಟವೊಂದನ್ನು ಊಹಿಸಿಕೊಳ್ಳಿ. ತಾಲ್ಲೂಕು ಆರಿಸಿ, ಹಳ್ಳಿ ಆರಿಸಿ, ಸರ್ವೆ ನಂಬರು ಬರೆದು ಗುಂಡಿ ಒತ್ತಬೇಕು. ಪುಟದಲ್ಲಿ ಸಣ್ಣ ಬದಲಾವಣೆಯಾದಾಗಲೆಲ್ಲ ಎಲ್ಲವೂ ಸರಿಯಿದೆಯೇ ಎಂದು ಒಬ್ಬರು ಕುಳಿತು ನೂರು ಸಲ ಒತ್ತಿ ನೋಡುವುದು ಬೇಸರದ ಕೆಲಸ. ಸೆಲೀನಿಯಂ ಅದನ್ನು ಬೇಸರವಿಲ್ಲದೆ ಮಾಡುತ್ತದೆ.

ಪಾರಿಶ್ವಾಡ, ಬೀಡಿ, ನಂದಗಡದ ಕಡೆಯಿಂದ ಬಿ.ಎಸ್ಸಿ., ಬಿ.ಸಿ.ಎ. ಮುಗಿಸಿ ಬೆಂಗಳೂರು, ಪುಣೆ ಹಿಡಿಯುವ ಹುಡುಗ ಹುಡುಗಿಯರಿಗೆ ಈ ಪರೀಕ್ಷಕನ ಕೆಲಸವೂ ಒಂದು ದಾರಿ. ಸೆಲೀನಿಯಂ ಬಳಸುವವರ ಅಂತರರಾಷ್ಟ್ರೀಯ ಸಮ್ಮೇಳನ 2014, 2016 ಮತ್ತು 2018ರಲ್ಲಿ ಬೆಂಗಳೂರಿನಲ್ಲೇ ನಡೆದಿತ್ತು. ಆದರೆ ಊರಲ್ಲಿ ಕುಳಿತು ಕಲಿಯಲು ಹೊರಟವರಿಗೆ ಹೊಸ್ತಿಲಲ್ಲೇ ಎಡವು. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಹೇಳಿದ್ದಳು: "ಸರ, ಕಲಿಯೂದು ಕಷ್ಟ ಅಲ್ರಿ, ಕಂಪ್ಯೂಟರಿಗೆ ಹಾಕ್ಕೊಳ್ಳೂದ ಕಷ್ಟ ಐತ್ರಿ."

ಅವಳ ಮಾತು ಸುಳ್ಳಲ್ಲ. ಸೆಲೀನಿಯಂ ಹೇಳಿದ್ದನ್ನು ಕ್ರೋಮ್ ಬ್ರೌಸರಿಗೆ ಮುಟ್ಟಿಸಲು ನಡುವೆ 'ಡ್ರೈವರ್' ಎಂಬ ಚಿಕ್ಕ ತಂತ್ರಾಂಶ ಬೇಕು. ಕ್ರೋಮ್ ಕೀಲಿಯಾದರೆ ಡ್ರೈವರ್ ಅದರ ಕೀಲಿಕೈ. ಕ್ರೋಮ್ ತನ್ನಷ್ಟಕ್ಕೆ ತಾನೇ ಹೊಸದಾಗುತ್ತಿರುತ್ತದೆ. 2021ರಲ್ಲಿ ಅದರ ಹೊಸ ಆವೃತ್ತಿಯ ಅವಧಿಯನ್ನು ಆರು ವಾರದಿಂದ ನಾಲ್ಕು ವಾರಕ್ಕೆ ಇಳಿಸಿದರು. ಕೀಲಿ ಬದಲಾಯಿತು, ಕೀಲಿಕೈ ಹಳೆಯದೇ ಉಳಿಯಿತು! ನಿನ್ನೆ ನಡೆದ ಪಾಠ ಇಂದು ಕೆಂಪು ಅಕ್ಷರಗಳ ದೋಷಸಂದೇಶವಾಗುತ್ತದೆ. ಬೆಂಗಳೂರಿನ ಕಚೇರಿಯಲ್ಲಿ ಪಕ್ಕದ ಮೇಜಿನವರನ್ನು ಕೇಳಬಹುದು. ಹಳ್ಳಿಯ ಮನೆಯಲ್ಲಿ ಯಾರನ್ನು ಕೇಳುವುದು? ತನಗೆ ತಲೆಯಿಲ್ಲ ಎಂದುಕೊಂಡು ಕಲಿಕೆಯನ್ನೇ ಬಿಟ್ಟವರಿದ್ದಾರೆ. ತಪ್ಪು ಅವರದಾಗಿರಲಿಲ್ಲ.

ಈ ತೊಡಕನ್ನು ಬಿಡಿಸಲು ಹೊರಟವರಲ್ಲಿ ಸ್ಪೇನಿನ ಪ್ರಾಧ್ಯಾಪಕ ಬೋನಿ ಗಾರ್ಸಿಯಾ ಮುಖ್ಯರು. ಹೊಂದುವ ಡ್ರೈವರನ್ನು ತಾನೇ ಹುಡುಕಿ ತರುವ ತಂತ್ರಾಂಶವನ್ನು ಜಾವಾ ಭಾಷೆಯವರಿಗಾಗಿ 2015ರಲ್ಲಿ ಹೊರತಂದರು. ಮುಂದೆ ಅದೇ ವಿಚಾರ 'ಸೆಲೀನಿಯಂ ಮ್ಯಾನೇಜರ್' ಎಂಬ ಹೆಸರಿನಲ್ಲಿ 2022ರ ನವೆಂಬರಿನ 4.6ನೆಯ ಆವೃತ್ತಿಯಿಂದ ಸೆಲೀನಿಯಂನ ಒಳಗೇ ಸೇರಿತು. ಅದು ಮೊದಲು ಕ್ರೋಮ್ ಯಾವ ಆವೃತ್ತಿಯದೆಂದು ನೋಡುತ್ತದೆ, ತಕ್ಕ ಡ್ರೈವರನ್ನು ಇಳಿಸುತ್ತದೆ, ಮುಂದಿನ ಸಲಕ್ಕೆಂದು ಕಂಪ್ಯೂಟರಿನಲ್ಲೇ ಕಾದಿಡುತ್ತದೆ. 2023ರ ಜುಲೈನ 4.11ರಿಂದ, ಕ್ರೋಮ್ ಇಲ್ಲದಿದ್ದರೆ ಪರೀಕ್ಷೆಗೆಂದೇ ಮಾಡಿದ ಕ್ರೋಮನ್ನೂ ತರಿಸಿಕೊಳ್ಳುತ್ತದೆ. ಈ ಕ್ರೋಮ್ ತಾನಾಗಿ ಹೊಸದಾಗುವುದಿಲ್ಲ ಎಂಬುದೇ ಅದರ ದೊಡ್ಡ ಗುಣ. ಪೈಥಾನ್ ಇರುವ ಕಂಪ್ಯೂಟರಿನಲ್ಲಿ 'ಪಿಪ್ ಇನ್‌ಸ್ಟಾಲ್ ಸೆಲೀನಿಯಂ' ಎಂಬ ಒಂದೇ ಆಜ್ಞೆ ಸಾಕು.

ಎರಡು ಎಚ್ಚರಿಕೆಗಳುಂಟು. ಹಳೆಯ ಪಾಠಗಳು ಡ್ರೈವರನ್ನು ಕೈಯಿಂದಲೇ ಹಾಕಿರೆಂದು ಹೇಳುತ್ತವೆ. ಹಾಗೆ ಹಾಕಿದ ಹಳೆಯದು ದಾರಿಯಲ್ಲಿ ಸಿಕ್ಕರೆ ಸೆಲೀನಿಯಂ ಅದನ್ನೇ ಬಳಸಿಬಿಡುತ್ತದೆ. ಮೊದಲು ಅದನ್ನು ಅಳಿಸಿ. ಇನ್ನೊಂದು, ಮೊದಲ ಸಲಕ್ಕಾದರೂ ಇಂಟರ್‌ನೆಟ್ ಬೇಕೇ ಬೇಕು, ಮೊಬೈಲಿನ ಹಾಟ್‌ಸ್ಪಾಟಿನಲ್ಲಿ ಇಡೀ ಬ್ರೌಸರ್ ಇಳಿಯಲು ಹೊತ್ತು ಹಿಡಿಯುತ್ತದೆ. ನೆಟ್ ಇಲ್ಲದ ಪ್ರಯೋಗಾಲಯಗಳಲ್ಲಿ ಹೊಂದುವ ಡ್ರೈವರ್ ಮತ್ತು ಕ್ರೋಮನ್ನು ಪೆನ್‌ಡ್ರೈವಿನಲ್ಲಿ ತಂದು, ಅವು ಇರುವ ಜಾಗವನ್ನು ಸೆಲೀನಿಯಂಗೆ ತಿಳಿಸಿಕೊಡುವ ಹಳೆಯ ದಾರಿ ಈಗಲೂ ತೆರೆದೇ ಇದೆ.