ಮಳೆಕಾಡಿನ ಪಾಠಕ್ಕೆ ಮೊಬೈಲ್ ಒಂದೇ ಸಾಲದು, ಎರಡು ಡಬ್ಬಿ ಎಲೆಯೂ ಬೇಕು

ತೀರ್ಥಹಳ್ಳಿ: ಕೊರೊನಾ ಕಾಲದಲ್ಲಿ ಶಾಲೆ ಬಾಗಿಲು ಹಾಕಿದಾಗ ಮಲೆನಾಡಿನ ಮಕ್ಕಳು ನೆಟ್‌ವರ್ಕ್ ಹುಡುಕಿಕೊಂಡು ಗುಡ್ಡ ಹತ್ತಿದ್ದನ್ನು ಯಾರೂ ಮರೆತಿಲ್ಲ. 2020ರಲ್ಲಿ ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠವೂ ಬಂತು. ಆದರೆ ಮಳೆಕಾಡಿನಂಥ ಪಾಠವನ್ನು ದೂರದಿಂದ ಹೇಳಿಕೊಡೋದು ಸುಲಭವಲ್ಲ. ಉಷ್ಣವಲಯದ ಕಾಡಿನ ವಿಡಿಯೋ ಹಾಕಿದರೂ ಹಸಿರು, ತಂಪು ಪ್ರದೇಶದ ಕಾಡಿನ ವಿಡಿಯೋ ಹಾಕಿದರೂ ಹಸಿರು. ಮಕ್ಕಳಿಗೆ ವ್ಯತ್ಯಾಸ ಗೊತ್ತಾಗೋದು ಹೇಗೆ?

ಎರಡು ಕಾಡು, ಎರಡು ಲೆಕ್ಕ

ನಮ್ಮ ತಾಲೂಕಿನ ಆಗುಂಬೆಯನ್ನೇ ತಗೊಳ್ಳಿ. ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಒಲಿಂಪಿಕ್ ರಾಷ್ಟ್ರೀಯ ಉದ್ಯಾನದಲ್ಲಿ ‘ಹೋ’ ಅನ್ನುವ ಮಳೆಕಾಡಿದೆ. ಅಲ್ಲಿ ಬೀಳೋದು ಸುಮಾರು 3,500 ಮಿ.ಮೀ., ಅದೂ ಹೆಚ್ಚಾಗಿ ಚಳಿಗಾಲದಲ್ಲಿ.

ಮಳೆಗಿಂತ ದೊಡ್ಡ ವ್ಯತ್ಯಾಸ ಇರೋದು ಬಿಸಿಲಿನ ಕಾವಿನಲ್ಲಿ. ಆಗುಂಬೆ ಕಡೆ ವರ್ಷವಿಡೀ ಬೆಚ್ಚಗಿರುವುದರಿಂದ ಬಿದ್ದ ಎಲೆ ಬೇಗ ಕೊಳೆತು, ಅದರ ಸತ್ವವನ್ನು ಮರಗಳೇ ಮತ್ತೆ ಹೀರಿಕೊಳ್ಳುತ್ತವೆ. ‘ಹೋ’ ಕಾಡಿನ ತಂಪಿನಲ್ಲಿ ಎಲ್ಲವೂ ನಿಧಾನ. ಬಿದ್ದ ದೊಡ್ಡ ಮರ ಪೂರ್ತಿ ಕರಗಲು ನೂರಾರು ವರ್ಷ ಬೇಕು. ಆ ದಿಮ್ಮಿಯ ಮೇಲೆ ಪಾಚಿ ಕಟ್ಟಿ, ಅದರ ಮೇಲೇ ಹೊಸ ಸಸಿಗಳು ಸಾಲಾಗಿ ಬೆಳೆಯುತ್ತವೆ.

ಮನೆಯಲ್ಲೇ ಪರೀಕ್ಷೆ

ಇದನ್ನು ಮಕ್ಕಳು ಮನೆಯಲ್ಲೇ ಮಾಡಿ ನೋಡಬಹುದು. ಎರಡು ಡಬ್ಬಿಯಲ್ಲಿ ಸಮಪ್ರಮಾಣದ ಒದ್ದೆ ಮಣ್ಣು, ಒಂದೇ ಗಿಡದ ಮೆತ್ತನೆಯ ಎಲೆ ಹಾಕಿ ಮುಚ್ಚಬೇಕು. ಒಂದು ಡಬ್ಬಿ ಅಡುಗೆಮನೆಯ ಕಪಾಟಿನಲ್ಲಿ, ಇನ್ನೊಂದು ಫ್ರಿಜ್‌ನಲ್ಲಿ. ಮನೆಯಲ್ಲಿ ಫ್ರಿಜ್ ಇಲ್ಲವೆಂದರೆ ಪಕ್ಕದ ಅಂಗಡಿಯವರು ಕೂಲ್‌ಡ್ರಿಂಕ್ಸ್ ಫ್ರಿಜ್‌ನಲ್ಲಿ ಒಂದು ಮೂಲೆ ಕೊಟ್ಟರೂ ಸಾಕು. ವಾರಕ್ಕೊಮ್ಮೆ ಒಂದು ಫೋಟೋ ತೆಗೆದಿಟ್ಟು, ನೆಟ್‌ವರ್ಕ್ ಸಿಕ್ಕಾಗ ಮೇಷ್ಟ್ರಿಗೆ ಕಳಿಸಿದರಾಯ್ತು. ಗಂಟೆಗಟ್ಟಲೆ ಆನ್‌ಲೈನ್ ಕೂರುವ ಅಗತ್ಯವಿಲ್ಲ.

ತಿಂಗಳು ಕಳೆಯುವಾಗ ಹೊರಗಿನ ಡಬ್ಬಿಯ ಎಲೆ ಕಪ್ಪಾಗಿ ಮೆತ್ತಗಾಗಿರುತ್ತೆ, ಫ್ರಿಜ್‌ನಲ್ಲಿದ್ದದ್ದು ಅಷ್ಟಾಗಿ ಬದಲಾಗಿರಲ್ಲ. ಫ್ರಿಜ್‌ನ ಚಳಿಯೂ ‘ಹೋ’ ಕಾಡಿನ ಚಳಿಯೂ ಒಂದೇ ಅಲ್ಲ, ಆದರೆ ತಂಪಿನಲ್ಲಿ ಕೊಳೆಯುವುದು ನಿಧಾನ ಅನ್ನೋದು ಕಣ್ಣಿಗೆ ಕಾಣುತ್ತೆ. ಡಬ್ಬಿ ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಬೇಕು. ಎಲೆಗಾಗಿ ಮಕ್ಕಳು ಕಾಡಿಗೆ ಹೋಗುವುದು ಬೇಡ, ಹಿತ್ತಲಿನದ್ದೇ ಸಾಕು.

ಇದರಿಂದ ಏನು ಉಪಯೋಗ?

ಅಡಿಕೆ ತೋಟಕ್ಕೆ ಸೊಪ್ಪು, ದರಗು ಹಾಕುವ ಮನೆಯ ಮಕ್ಕಳಿಗೆ ಇದು ಬರೀ ಪರೀಕ್ಷೆಯ ಪ್ರಶ್ನೆಯಲ್ಲ. ನಮ್ಮ ಕಾಡಿನ ಸತ್ವ ಹೆಚ್ಚಾಗಿ ಮರದಲ್ಲಿ, ಬಿದ್ದ ಎಲೆಯಲ್ಲಿ ಇರುತ್ತೆ. ಮರ ಕಡಿದು ನೆಲ ಬೋಳಾದರೆ, ಉಳಿದ ಸತ್ವವನ್ನು ಮಳೆಯೇ ತೊಳೆದುಕೊಂಡು ಹೋಗುತ್ತೆ. ಹೀಗಾಗಿ ಒಮ್ಮೆ ಹೋದ ಕಾಡು ಮತ್ತೆ ಮೊದಲಿನಂತಾಗೋದು ಕಷ್ಟ. ಇದು ಮಕ್ಕಳಿಗೆ ಈಗಲೇ ಗೊತ್ತಾದರೆ ಒಳ್ಳೆಯದು. ನಾಳೆ ತೋಟ, ಗುಡ್ಡ ನೋಡಿಕೊಳ್ಳಬೇಕಾದವರು ಅವರೇ.