ಆವಣಿಯ ಅವಳಿಗಳು, ಬೆಂಗಳೂರಿನ ರೈಲು

ಕೆಜಿಎಫ್‌ಗೂ ಮುಳಬಾಗಿಲಿಗೂ ನಡುವೆ ಆವಣಿ ಬೆಟ್ಟವಿದೆ. ಸೀತೆ ಲವ ಕುಶರನ್ನು ಹೆತ್ತದ್ದು ಇಲ್ಲೇ ಎಂದು ಕೋಲಾರ ಸೀಮೆಯವರ ನಂಬಿಕೆ. ಬೆಟ್ಟದ ಮೇಲೆ ಸೀತಮ್ಮನ ಗುಡಿಯಿದೆ. ಮಡಿಲು ತುಂಬಲೆಂದು ಹರಕೆ ಹೊತ್ತವರು ಇಂದಿಗೂ ಹತ್ತಿ ಬರುತ್ತಾರೆ. ಜನಪದರು ಹೇಳುವ ಒಂದು ಕಥೆಯಲ್ಲಿ ಸೀತೆ ಹೆತ್ತದ್ದು ಒಂದೇ ಮಗುವನ್ನು. ಅವಳು ಮಗುವನ್ನು ಎತ್ತಿಕೊಂಡು ಹೊರಗೆ ಹೋಗಿದ್ದಾಗ ಬರಿದಾದ ತೊಟ್ಟಿಲು ಕಂಡು ವಾಲ್ಮೀಕಿ ಗಾಬರಿಯಾದ, ದರ್ಭೆಯಿಂದ ಇನ್ನೊಂದು ಮಗುವನ್ನು ಮಾಡಿ ಮಲಗಿಸಿದ. ಅವನೇ ಕುಶ. ಒಂದು ಹೆತ್ತದ್ದು, ಇನ್ನೊಂದು ಮಾಡಿದ್ದು.

ಅದೇ ಸೀಮೆಯ ಇಂದಿನ ಹರಕೆ ರೈಲು ಹತ್ತುತ್ತದೆ. 2001ರ ಫೆಬ್ರವರಿ 28ರಂದು ಕೆಜಿಎಫ್‌ನ ಚಿನ್ನದ ಗಣಿ ಮುಚ್ಚಿದ ಮೇಲೆ ಮಾರಿಕುಪ್ಪಂ, ಚಾಂಪಿಯನ್, ಊರಿಗಾಂ, ಕೋರಮಂಡಲ್‌ನ ಜನ ಹೊಟ್ಟೆಪಾಡಿಗೆ ಬೆಳಗಿನ ರೈಲು ಹಿಡಿಯುವುದು ರೂಢಿಯಾಯಿತು. ಬಂಗಾರಪೇಟೆ ಜಂಕ್ಷನ್‌ನಿಂದ ಬೆಂಗಳೂರಿಗೆ ಸುಮಾರು 70 ಕಿಲೋಮೀಟರ್. ಮಕ್ಕಳಾಗುವ ಚಿಕಿತ್ಸೆಗೂ ಎಷ್ಟೋ ದಂಪತಿಗಳಿಗೆ ಅದೇ ದಾರಿ. ಕೈಯಲ್ಲಿ ದಪ್ಪನೆಯ ಫೈಲು. ವಾಪಸು ಬರುವಾಗ ಒಂದು ಚಿಕ್ಕ ಥರ್ಮಾಕೋಲ್ ಡಬ್ಬಿ, ಅದರೊಳಗೆ ಐಸ್ ಪ್ಯಾಕಿನ ನಡುವೆ ಹಾರ್ಮೋನ್ ಇಂಜೆಕ್ಷನ್‌ಗಳು. ಮನೆ ಸೇರುತ್ತಲೇ ಅವು ಫ್ರಿಜ್ಜಿನಲ್ಲಿ ಹಾಲು, ಮೊಸರಿನ ಪಕ್ಕ ಕೂರುತ್ತವೆ. ಮುಟ್ಟಿನ ಎರಡನೇ ಮೂರನೇ ದಿನಕ್ಕೆ ಶುರುವಾಗುವ ಚುಚ್ಚುಮದ್ದು ಹತ್ತು ಹನ್ನೆರಡು ದಿನ ನಡೆಯುತ್ತದೆ. ಕೊನೆಯದನ್ನು ಮಾತ್ರ ಹೇಳಿದ ಗಂಟೆಗೇ ಕೊಡಬೇಕು, ಏಕೆಂದರೆ ಅಲ್ಲಿಂದ 34–36 ಗಂಟೆಗೆ ಸರಿಯಾಗಿ ಅಂಡ ತೆಗೆಯುತ್ತಾರೆ. ಆ ಕೊನೆಯ ಚುಚ್ಚುಮದ್ದು ರಾತ್ರಿ ಹತ್ತು ಗಂಟೆಗೆ ಬಿತ್ತೆಂದರೆ ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯಲ್ಲಿ ಆ ಹೊತ್ತಿನಲ್ಲಿ ಎದ್ದಿರುವ ನರ್ಸ್ ಯಾರಿದ್ದಾರೆಂದು ಹುಡುಕುವುದು ಗಂಡನ ಪಾಲಿನ ಕೆಲಸ.

ಇಷ್ಟೆಲ್ಲ ಅಲೆದಾಟ, ಸಾಲ ಸೋಲ. ಅಂಡವನ್ನು ಪ್ರಯೋಗಾಲಯದಲ್ಲಿ ಫಲಿಸಿ ಗರ್ಭಕ್ಕೆ ಬಿಡುವ ಐವಿಎಫ್‌ನ ಒಂದು ಸರದಿಗೆ ಲಕ್ಷದ ಮೇಲೆಯೇ ಬೇಕು. ಹಾಗಿರುವಾಗ “ಎರಡೂ ಒಂದೇ ಸಲ ಆಗಿಬಿಡಲಿ ಡಾಕ್ಟ್ರೇ” ಎಂಬ ಮಾತು ಬಾಯಿಗೆ ಬರುವುದು ಸಹಜ. ಕನ್ನಡದ ಅವಳಿ, ತೆಲುಗಿನ ಕವಲ ಪಿಲ್ಲಲು, ತಮಿಳಿನ ಇರಟ್ಟೈ ಕುಳಂದೈಗಳ್, ಮೂರೂ ಮಾತು ಒಂದೇ ಬೀದಿಯಲ್ಲಿ ಓಡಾಡುವ ಕೆಜಿಎಫ್‌ನಲ್ಲಿ ಈ ಆಸೆಗೆ ಭಾಷಾಭೇದವಿಲ್ಲ. ಜೋಡಿ ಬಾಳೆಹಣ್ಣು ತಿಂದರೆ ಅವಳಿ ಹುಟ್ಟುತ್ತವೆ ಎಂದು ಅಜ್ಜಿಯಂದಿರು ಅದನ್ನು ಹೆಣ್ಣುಮಕ್ಕಳ ಕೈಯಿಂದ ಕಸಿದುಕೊಳ್ಳುತ್ತಿದ್ದರು. ಈಗ ಸೊಸೆಯಂದಿರೇ ಅವಳಿ ಬೇಕು ಎನ್ನುತ್ತಾರೆ.

ಬಾಳೆಹಣ್ಣಿಗೂ ಬಸಿರಿಗೂ ಸಂಬಂಧವಿಲ್ಲ. ಒಂದು ಅಂಡ ಫಲಿಸಿ ಆಮೇಲೆ ಎರಡಾಗಿ ಒಡೆದರೆ ಒಂದೇ ಅಚ್ಚಿನ ಅವಳಿ. ಇದು ಎಲ್ಲ ದೇಶದಲ್ಲೂ ಸಾವಿರ ಹೆರಿಗೆಗೆ ಸುಮಾರು ನಾಲ್ಕು. ಎರಡು ಅಂಡ ಒಟ್ಟಿಗೆ ಬಿಡುಗಡೆಯಾಗಿ ಎರಡೂ ಫಲಿಸಿದರೆ ಅಕ್ಕತಂಗಿ, ಅಣ್ಣತಮ್ಮಂದಿರಷ್ಟೇ ಹೋಲಿಕೆಯ ಅವಳಿ. ಈ ಎರಡನೆಯದು ತಾಯಿಯ ತವರಿನ ಕಡೆಯಿಂದ ಬರಬಹುದು, ವಯಸ್ಸು 35 ದಾಟಿದಾಗ ಹೆಚ್ಚಬಹುದು, ಚಿಕಿತ್ಸೆಯಿಂದಂತೂ ಖಂಡಿತ ಹೆಚ್ಚುತ್ತದೆ. 1980ರ ದಶಕದಲ್ಲಿ ಜಗತ್ತಿನಲ್ಲಿ ಸಾವಿರ ಹೆರಿಗೆಗೆ ಒಂಬತ್ತರಷ್ಟಿದ್ದ ಅವಳಿ ಹೆರಿಗೆ ಈಗ ಹನ್ನೆರಡಕ್ಕೆ ಏರಿದೆ. ಹೆಂಗಸರು ತಡವಾಗಿ ತಾಯಂದಿರಾಗುತ್ತಿರುವುದೂ ಚಿಕಿತ್ಸೆ ಹರಡಿರುವುದೂ ಇದಕ್ಕೆ ಮುಖ್ಯ ಕಾರಣ.

ಚಿಕಿತ್ಸೆ ಎಂದರೆ ಎಲ್ಲವೂ ಐವಿಎಫ್ ಅಲ್ಲ. ಬಹಳಷ್ಟು ಮಂದಿಗೆ ಮೊದಲು ಸಿಗುವುದು ಐದು ದಿನದ ಮಾತ್ರೆ. ಕ್ಲೋಮಿಫೀನ್ ಹಳೆಯದು, ಲೆಟ್ರೋಜೋಲ್ ಹೊಸದು. ನಮ್ಮ ಸರ್ಕಾರ 2011ರಲ್ಲಿ ಬಂಜೆತನದ ಚಿಕಿತ್ಸೆಗೆ ಲೆಟ್ರೋಜೋಲ್ ಬಳಕೆಯನ್ನು ನಿಷೇಧಿಸಿ, 2017ರಲ್ಲಿ ನಿಷೇಧ ತೆಗೆಯಿತು. ಪಿಸಿಓಎಸ್ (ಹಾರ್ಮೋನ್ ಏರುಪೇರಿನಿಂದ ಅಂಡ ಸರಿಯಾಗಿ ಬಿಡುಗಡೆಯಾಗದ ತೊಂದರೆ) ಇದ್ದ 750 ಹೆಂಗಸರಲ್ಲಿ ಎರಡನ್ನೂ ಹೋಲಿಸಿದ ಅಮೆರಿಕದ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಲೆಟ್ರೋಜೋಲ್ ನುಂಗಿದವರಲ್ಲಿ ಶೇ 27.5 ಮಂದಿಗೆ ಮಗುವಾಯಿತು, ಕ್ಲೋಮಿಫೀನ್‌ನವರಲ್ಲಿ ಶೇ 19.1 ಮಂದಿಗೆ. ಬಸಿರಾದವರ ಪೈಕಿ ಅವಳಿ ಮೊದಲನೆಯದರಲ್ಲಿ ಶೇ 3.4, ಎರಡನೆಯದರಲ್ಲಿ ಶೇ 7.4. ಮಾತ್ರೆಯಿಂದ ಇಂಜೆಕ್ಷನ್‌ಗೆ ಹೋದರೆ ಅಪಾಯ ಜಿಗಿಯುತ್ತದೆ. ಅಲ್ಲಿ ಅವಳಿ ಮಾತ್ರವಲ್ಲ, ತ್ರಿವಳಿಯೂ ಆದೀತು.

ಅದಕ್ಕೇ ಫಾಲಿಕ್ಯುಲರ್ ಸ್ಕ್ಯಾನ್. ಅಂಡಕೋಶದೊಳಗಿನ ಗುಳ್ಳೆ 18–20 ಮಿಲಿಮೀಟರ್ ಆದಾಗ, ಅಂದರೆ ಚಿಕ್ಕ ನೆಲ್ಲಿಕಾಯಿಯಷ್ಟಾದಾಗ, ಅಂಡ ಬಲಿತಿದೆ ಎಂದು ಲೆಕ್ಕ. ಒಂದೋ ಎರಡೋ ಬಲಿತಿದ್ದರೆ ಮುಂದುವರಿಯುತ್ತಾರೆ. ನಾಲ್ಕೈದು ಕಂಡರೆ ಒಳ್ಳೆಯ ವೈದ್ಯರು ಆ ತಿಂಗಳ ಚಿಕಿತ್ಸೆ ಕೈಬಿಟ್ಟು, ಗಂಡಹೆಂಡತಿ ಕೂಡಬೇಡಿ ಎಂದೂ ಹೇಳುತ್ತಾರೆ. ದುಡ್ಡು ಹೋಯಿತು, ತಿಂಗಳು ಹೋಯಿತು ಎಂದು ಅಳು ಬರುತ್ತದೆ ನಿಜ. ಆದರೆ ಆ ವೈದ್ಯರ ಮೇಲೆ ಸಿಟ್ಟಾಗಬಾರದು. ಸ್ಕ್ಯಾನೇ ಇಲ್ಲದೆ, ನೆಂಟರಿಗೆ ಬರೆದುಕೊಟ್ಟ ಚೀಟಿ ತೋರಿಸಿ ಮೆಡಿಕಲ್ ಶಾಪಿನಿಂದ ಮಾತ್ರೆ ತರುವುದು ಮಾತ್ರ ಕಣ್ಣು ಕಟ್ಟಿಕೊಂಡು ಬಾವಿಗಿಳಿದ ಹಾಗೆ. ಇನ್ನೊಂದು ಮಾತು: ಹೆಂಡತಿಗೆ ಆರು ತಿಂಗಳು ಔಷಧಿ ನುಂಗಿಸಿದ ಮೇಲೆ ಗಂಡನ ವೀರ್ಯ ಪರೀಕ್ಷೆಗೆ ಹೊರಡುವುದು ನಮ್ಮಲ್ಲಿ ಇನ್ನೂ ನಿಂತಿಲ್ಲ. ಎಲ್ಲ ಪರೀಕ್ಷೆಗಳಲ್ಲಿ ಅಗ್ಗದ್ದು ಅದೇ, ಮೊದಲು ಆಗಬೇಕಾದದ್ದೂ ಅದೇ.

ಐವಿಎಫ್‌ನಲ್ಲಿ ಲೆಕ್ಕ ಇನ್ನೂ ನೇರ. ಗರ್ಭಕ್ಕೆ ಒಂದೇ ಭ್ರೂಣ ಬಿಟ್ಟರೆ ಅವಳಿಯಾಗುವುದು ನೂರು ಬಸಿರಿನಲ್ಲಿ ಒಂದೆರಡು. ಎರಡು ಬಿಟ್ಟರೆ ಕಾಲು ಭಾಗಕ್ಕೂ ಹೆಚ್ಚು ಬಸಿರುಗಳಲ್ಲಿ ಅವಳಿ. ಜಗತ್ತಿನ ಮೊದಲ ಪ್ರನಾಳ ಶಿಶು 1978ರ ಜುಲೈನಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿತು, ಮೊದಲ ಪ್ರನಾಳ ಅವಳಿ 1981ರಲ್ಲಿ ಮೆಲ್ಬರ್ನ್‌ನಲ್ಲಿ. ಆಗ ಅದನ್ನು ಜಗತ್ತು ಸಂಭ್ರಮಿಸಿತು. ಇಪ್ಪತ್ತು ಚಿಲ್ಲರೆ ವರ್ಷ ಕಳೆಯುವಷ್ಟರಲ್ಲಿ ಸ್ವೀಡನ್, ಬೆಲ್ಜಿಯಂನಂಥ ದೇಶಗಳು ಒಂದೇ ಭ್ರೂಣ ಸಾಕು ಎಂಬ ನಿಯಮಕ್ಕೆ ಬಂದವು. ಎರಡನ್ನು ಒಟ್ಟಿಗೆ ಬಿಡುವ ಬದಲು ಒಂದನ್ನು ಈಗ ಬಿಟ್ಟು, ಅದು ನಿಲ್ಲದಿದ್ದರೆ ಶೈತ್ಯದಲ್ಲಿಟ್ಟ ಇನ್ನೊಂದನ್ನು ಮುಂದೆ ಬಿಟ್ಟರೂ ಮಗು ಪಡೆಯುವ ಸಾಧ್ಯತೆ ಹೆಚ್ಚುಕಡಿಮೆ ಅಷ್ಟೇ ಎಂದು ಅಲ್ಲಿ ಕಂಡುಕೊಂಡರು.

ನಮ್ಮ ನೆರೆಯಲ್ಲೇ ಒಂದು ಘಟನೆ ನಡೆಯಿತು. 2019ರ ಸೆಪ್ಟೆಂಬರ್‌ನಲ್ಲಿ ಗುಂಟೂರಿನಲ್ಲಿ ಎಪ್ಪತ್ತು ದಾಟಿದ ಹೆಂಗಸೊಬ್ಬರು ದಾನಿಯ ಅಂಡದಿಂದ ಅವಳಿ ಹೆಣ್ಣುಮಕ್ಕಳನ್ನು ಹೆತ್ತರು. ತೆಲುಗು ಚಾನೆಲ್ ನೋಡುವ ಕೋಲಾರದ ಮನೆಗಳಿಗೆ ಅದು ಹೊಸ ಸುದ್ದಿಯೇನಲ್ಲ. ಆ ವಯಸ್ಸಿನ ದೇಹಕ್ಕೆ ಅವಳಿ ಬಸಿರು ಹೊರಿಸಿದ್ದು ಸರಿಯೇ ಎಂದು ವೈದ್ಯಲೋಕವೇ ಪ್ರಶ್ನಿಸಿತು. 2021ರ ಎಆರ್‌ಟಿ (ನೆರವಿನ ಸಂತಾನ ತಂತ್ರಜ್ಞಾನ) ಕಾಯ್ದೆ ಬಂದ ಮೇಲೆ ಇಂಥ ಚಿಕಿತ್ಸೆಗೆ ಹೆಂಗಸಿನ ವಯಸ್ಸು 21ರಿಂದ 50, ಗಂಡಸಿನದು 21ರಿಂದ 55 ಎಂದು ಗೆರೆ ಎಳೆಯಲಾಗಿದೆ. ಹೆಣ್ಣೋ ಗಂಡೋ ಆರಿಸಿ ಕೊಡುತ್ತೇವೆ ಎನ್ನುವುದು ಅಪರಾಧ. ಕ್ಲಿನಿಕ್‌ಗೆ ನೋಂದಣಿ ಕಡ್ಡಾಯ. ಆ ಪ್ರಮಾಣಪತ್ರ ತೋರಿಸಿ ಎಂದು ಕೇಳಲು ಸಂಕೋಚ ಬೇಡ.

ಅವಳಿ ಬೇಡವೆನ್ನುವಷ್ಟು ಅಪಾಯವೇನು? ಅವಧಿ. ಅರ್ಧಕ್ಕಿಂತ ಹೆಚ್ಚು ಅವಳಿ ಹೆರಿಗೆಗಳು 37 ವಾರ ತುಂಬುವ ಮೊದಲೇ ಆಗುತ್ತವೆ. ತೂಕ ಎರಡೂವರೆ ಕಿಲೋ ಮುಟ್ಟದ ಕೂಸುಗಳೇ ಹೆಚ್ಚು. ತಾಯಿಗೆ ರಕ್ತದೊತ್ತಡ ಏರುವ, ರಕ್ತಹೀನತೆ ಕಾಡುವ, ಹೆರಿಗೆಯ ನಂತರ ವಿಪರೀತ ರಕ್ತ ಹೋಗುವ ಭಯ ಒಂಟಿ ಬಸಿರಿಗಿಂತ ಹೆಚ್ಚು. ಏಳನೇ ತಿಂಗಳಲ್ಲಿ ನಡುರಾತ್ರಿ ನೋವು ಕಾಣಿಸಿದರೆ ಕೆಜಿಎಫ್‌ನ ಓಣಿಯಿಂದ ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆಗೋ, ಟಮಕದ ಜಾಲಪ್ಪ ಆಸ್ಪತ್ರೆಗೋ, ಬೆಂಗಳೂರಿನ ವಾಣಿವಿಲಾಸಕ್ಕೋ ಓಡಬೇಕು. ಉಸಿರಾಟಕ್ಕೆ ಯಂತ್ರ ಬೇಕಾದ ಎರಡು ಕೂಸುಗಳಿಗೆ ಎರಡು ತೊಟ್ಟಿಲು ಒಟ್ಟಿಗೆ ಖಾಲಿ ಇರಬೇಕು. ಖಾಸಗಿಯಲ್ಲಾದರೆ ದಿನಕ್ಕಿಷ್ಟು ಎಂದು ಬಿಲ್ಲು ಎರಡು ಹೆಸರಿನಲ್ಲಿ ಬೆಳೆಯುತ್ತದೆ. ಒಂದೇ ಖರ್ಚಿನಲ್ಲಿ ಎರಡು ಎಂದು ಹಾಕಿದ ಲೆಕ್ಕ ತಲೆಕೆಳಗಾಗುವುದು ಅಲ್ಲಿ.

ಹಾಗೆಂದು ಅವಳಿ ನಿಂತುಬಿಟ್ಟವರು ಹೆದರಿ ಕೂರಬೇಕಿಲ್ಲ. ಹದಿನಾಲ್ಕು ವಾರದೊಳಗಿನ ಸ್ಕ್ಯಾನಿನಲ್ಲಿ ಎರಡಕ್ಕೂ ಒಂದೇ ಮಾಸು (ಪ್ಲಾಸೆಂಟಾ) ಇದೆಯೋ ಬೇರೆ ಬೇರೆಯೋ ಎಂದು ತಿಳಿದುಕೊಳ್ಳಬೇಕು, ಒಂದೇ ಆಗಿದ್ದರೆ ಹದಿನಾರನೇ ವಾರದಿಂದ ಎರಡು ವಾರಕ್ಕೊಮ್ಮೆ ತೋರಿಸಬೇಕು. ಬೇಗ ಹುಟ್ಟಿದ ಕೂಸುಗಳನ್ನು ಎದೆಗವಚಿಕೊಂಡು ಬೆಚ್ಚಗಿಡುವ ಕಾಂಗರೂ ಆರೈಕೆಯಲ್ಲಿ ಅಪ್ಪನಿಗೂ ಪಾಲಿದೆ. ಅಂಗಿ ಗುಂಡಿ ಬಿಚ್ಚಿ ಒಂದು ಕೂಸನ್ನು ಅವನು, ಇನ್ನೊಂದನ್ನು ಅವಳು.

ಒಂದೇ ಭ್ರೂಣ ಬಿಡಿಸಿಕೊಂಡವರ ಮಿಕ್ಕ ಭ್ರೂಣಗಳು ದ್ರವ ಸಾರಜನಕದ ಹಂಡೆಯಲ್ಲಿ, ಮೈನಸ್ 196 ಡಿಗ್ರಿಯಲ್ಲಿ ಮಲಗಿರುತ್ತವೆ. ಎಆರ್‌ಟಿ ಕಾಯ್ದೆಯ ಪ್ರಕಾರ ಹತ್ತು ವರ್ಷದವರೆಗೆ ಇಡಬಹುದು. ಮೊದಲನೆಯದು ಅಂಗನವಾಡಿಗೆ ಹೋಗುವ ಹೊತ್ತಿಗೆ ಅಪ್ಪ ಅಮ್ಮ ಮತ್ತೆ ಬಂಗಾರಪೇಟೆಯಲ್ಲಿ ಬೆಳಗಿನ ರೈಲು ಹತ್ತಿದರೆ, ಅದರ ಜೊತೆ ಅದೇ ದಿನ, ಅದೇ ಪ್ರಯೋಗಾಲಯದಲ್ಲಿ ಮೊಳೆತ ಇನ್ನೊಂದು ಜೀವ ತಮ್ಮನಾಗಿಯೋ ತಂಗಿಯಾಗಿಯೋ ಮನೆಗೆ ಬರಬಹುದು. ಆವಣಿಯ ಕಥೆಯಲ್ಲಿ ಕುಶ ಬಂದದ್ದೂ ಹಾಗೇ, ಲವನಿಗಿಂತ ಸ್ವಲ್ಪ ತಡವಾಗಿ.