ಲಿಲಿಪುಟ್‌ನ ಅಳತೆಗೋಲು

ಗೇಣುದ್ದವೂ ಇಲ್ಲದ ಜನ. ಎತ್ತರ ಆರು ಇಂಚಿಗೂ ತುಸು ಕಡಿಮೆ. ಅವರಿಗೂ ಒಂದು ರಾಜಧಾನಿ, ಸೈನ್ಯ, ಖಜಾನೆ, ತಮ್ಮದೇ ಅಳತೆಗಳು. ಜೊನಾಥನ್ ಸ್ವಿಫ್ಟ್ 1726ರಲ್ಲಿ ‘ಗಲಿವರ್ಸ್ ಟ್ರಾವೆಲ್ಸ್’ನಲ್ಲಿ ಕಟ್ಟಿಕೊಟ್ಟ ಲಿಲಿಪುಟ್ ದೇಶವನ್ನು ನಾವು ಮಕ್ಕಳ ಕಥೆಯೆಂದು ಬದಿಗಿಟ್ಟಿದ್ದೇವೆ. ಆದರೆ ಆ ದೇಶ ನಿಂತಿರುವುದು ಲೆಕ್ಕದ ಮೇಲೆ.

ಸೂತ್ರ ಒಂದೇ: ನಮ್ಮ ಹನ್ನೆರಡು ಅಲ್ಲಿ ಒಂದು. ಲಿಲಿಪುಟ್‌ಗೂ ಶತ್ರುದೇಶ ಬ್ಲೆಫುಸ್ಕುವಿಗೂ ನಡುವಿನ ಕಡಲ್ಗಾಲುವೆಯ ಆಳ 70 ಗ್ಲಮ್‌ಗ್ಲಫ್, ಅಂದರೆ ಸುಮಾರು ಆರು ಅಡಿ. ಭಾಗಿಸಿ ನೋಡಿದರೆ ಒಂದು ಗ್ಲಮ್‌ಗ್ಲಫ್ ಹೆಚ್ಚುಕಡಿಮೆ ನಮ್ಮ ಒಂದು ಇಂಚು. ಅವರ ಮೈಕಟ್ಟಿಗೆ ಅದೇ ಒಂದು ಅಡಿ. ಚಕ್ರವರ್ತಿಯ ರಾಜ್ಯದ ವಿಸ್ತಾರ 5,000 ಬ್ಲಸ್ಟ್ರಗ್. ಬಿರುದಾವಳಿಯಲ್ಲಿ ಭೂಮಂಡಲದ ಅಂಚಿನವರೆಗೆ ಹಬ್ಬಿದ ಆ ಸಾಮ್ರಾಜ್ಯದ ಸುತ್ತಳತೆ ನಮ್ಮ ಹನ್ನೆರಡು ಮೈಲಿ.

ಆ ದೇಶಕ್ಕೆ ಬಂದು ಸೇರಿದ, ನಮ್ಮಷ್ಟೇ ಎತ್ತರದ ಗಲಿವರನ ಊಟವನ್ನು ಅಲ್ಲಿನ ಗಣಿತಜ್ಞರು ನಿರ್ಧರಿಸಿದ ಬಗೆಯಂತೂ ಸೊಗಸು. ಎತ್ತರ ಹನ್ನೆರಡು ಪಟ್ಟಾದರೆ ದೇಹದ ಗಾತ್ರ ಹನ್ನೆರಡರ ಘನ, ಅಂದರೆ 1,728 ಪಟ್ಟು. ಅಷ್ಟು ಜನರ ಊಟ ಇವನೊಬ್ಬನಿಗೆ! (ಕೆಲವು ಮುದ್ರಣಗಳಲ್ಲಿ 1,724 ಎಂದಿದೆ.) ಗಾತ್ರದ ಲೆಕ್ಕ ಸರಿ, ಊಟದ್ದು ತಪ್ಪು. ಪ್ರಾಣಿಯ ಗಾತ್ರ ಹೆಚ್ಚಿದಷ್ಟೇ ವೇಗದಲ್ಲಿ ಅದರ ಆಹಾರದ ಅಗತ್ಯ ಹೆಚ್ಚುವುದಿಲ್ಲ ಎಂಬುದಕ್ಕೆ ವಿಜ್ಞಾನಿ ಮ್ಯಾಕ್ಸ್ ಕ್ಲೈಬರ್ 1932ರಲ್ಲಿ ಸೂತ್ರ ಕೊಟ್ಟರು. ಅದರ ಪ್ರಕಾರ ಸುಮಾರು 270 ಜನರ ಊಟ ಸಾಕಿತ್ತು. ಸ್ವಿಫ್ಟ್‌ನ ಕಾಲಕ್ಕೆ ಇದು ಗೊತ್ತಿರಲು ಸಾಧ್ಯವಿರಲಿಲ್ಲ.

ನನ್ನ ಮೆಚ್ಚುಗೆಯೆಲ್ಲ ಅಲ್ಲಿನ ಅತಿ ಚಿಕ್ಕ ಅಳತೆಗೆ. ಅದರ ಹೆಸರು ಡ್ರರ್. ಇಂಚಿನ ಹದಿನಾಲ್ಕನೇ ಒಂದು ಭಾಗ. ಆ ದೇಶದ ಎರಡು ರಾಜಕೀಯ ಪಕ್ಷಗಳನ್ನು ಬೇರ್ಪಡಿಸುವುದು ಪಾದರಕ್ಷೆಯ ಹಿಮ್ಮಡಿಯ ಎತ್ತರ. ಅಧಿಕಾರವೆಲ್ಲ ತಗ್ಗು ಹಿಮ್ಮಡಿಯವರ ಕೈಯಲ್ಲಿ. ಚಕ್ರವರ್ತಿಯ ಹಿಮ್ಮಡಿ ಆಸ್ಥಾನದ ಎಲ್ಲರದಕ್ಕಿಂತ ಒಂದು ಡ್ರರ್ ತಗ್ಗು. ಎತ್ತರದ ಹಿಮ್ಮಡಿಯವರತ್ತ ವಾಲಿದ ಯುವರಾಜ ಒಂದು ಹಿಮ್ಮಡಿ ಎತ್ತರಿಸಿಕೊಂಡು ಕುಂಟುತ್ತಾನೆ. ಈ ಪಕ್ಷಗಳವರು ಒಟ್ಟಿಗೆ ಉಣ್ಣುವುದಿಲ್ಲ, ಮಾತಾಡುವುದಿಲ್ಲ. ತನ್ನ ಕಾಲದ ಇಂಗ್ಲೆಂಡಿನ ಟೋರಿ-ವಿಗ್ ಪಕ್ಷಗಳ ಹಗೆತನವನ್ನು ಸ್ವಿಫ್ಟ್ ಹೀಗೆ ಇಂಚಿನ ಚೂರಿನಲ್ಲಿ ಅಳೆದಿಟ್ಟ. ಅದಕ್ಕಿಂತ ಕಟುವಾದ ರಾಜಕೀಯ ಟೀಕೆಯನ್ನು ನಾನು ಓದಿಲ್ಲ.

ಮಕ್ಕಳಿಗಾಗಿ ಸಂಕ್ಷೇಪಿಸಿದ ಪುಸ್ತಕಗಳಲ್ಲಿ ಇಂಥ ಲೆಕ್ಕಗಳು ಹೆಚ್ಚಾಗಿ ಬಿಟ್ಟುಹೋಗಿರುತ್ತವೆ. ಪೂರ್ಣ ಕೃತಿಯನ್ನು ಹುಡುಕಿ ಓದಿ. ಮನೆಯ ಮಕ್ಕಳ ಕೈಗೆ ಅದನ್ನು ಕೊಡುವಾಗ ಜೊತೆಗೊಂದು ಸ್ಕೇಲನ್ನೂ ಕೊಡಿ.